ಒಂದೂ ಕುಂದಿಲ್ಲದ ಕೆಪಾಸಿಟರ್

ಆ ಬೋರ್ಡು ಮೂರನೆಯ ಸಲ ರಿಪೇರಿಗೆ ಬಂದಾಗ ಅತ್ತೆ ಅದನ್ನು ಮೇಜಿನ ಮೇಲಿಟ್ಟುಕೊಂಡು, ಗಂಡನ ಮನೆ ಬಿಟ್ಟು ಪದೇ ಪದೇ ತವರಿಗೆ ಓಡಿಬರುವ ಮಗಳನ್ನು ನೋಡುವ ಹಾಗೆ ನೋಡಿದರು. ಬೈಯಲೂ ಆಗದು, ಬಾ ಎನ್ನಲೂ ಆಗದು. ಎರಡು ಸಲವೂ ಅವರೇ ರಿಪೇರಿ ಮಾಡಿದ್ದರು, ಅವರೇ ಪರೀಕ್ಷೆ ಮಾಡಿದ್ದರು, ಅವರೇ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಕಳಿಸಿದ್ದರು. ಎರಡು ಸಲವೂ ಅದು ಆಸ್ಪತ್ರೆಯ ರಕ್ತನಿಧಿಯಲ್ಲಿ ನಾಲ್ಕು ದಿನ ಸುಮ್ಮನಿದ್ದು ಐದನೆಯ ದಿನ ತನ್ನ ಬುದ್ಧಿ ತೋರಿಸಿತ್ತು.

ಹೆಸರಿಗೆ ಬೋರ್ಡು, ನಿಜಕ್ಕೆ ಅದು ರಕ್ತದ ಚೀಲಗಳನ್ನಿಡುವ ದೊಡ್ಡ ಫ್ರಿಜ್ಜಿನ ಮಿದುಳು. ಒಳಗಿನ ತಾಪ ನಾಲ್ಕು ಡಿಗ್ರಿ ಬಿಟ್ಟು ಅತ್ತಿತ್ತ ಹೋಗದಂತೆ ಕಾಯುವುದು ಅದರ ಕೆಲಸ. ಈಗ ಫ್ರಿಜ್ಜು ತಣ್ಣಗೇ ಇದ್ದರೂ ಬಾಗಿಲ ಮೇಲಿನ ಅಂಕಿ ನಾಲ್ಕರಿಂದ ಹನ್ನೊಂದಕ್ಕೆ ಜಿಗಿಯುತ್ತಿತ್ತು, ಅಲ್ಲಿಂದ ಸೊನ್ನೆಗಿಂತ ಕೆಳಕ್ಕೆ ಬೀಳುತ್ತಿತ್ತು, ಎಚ್ಚರಿಕೆಯ ಗಂಟೆ ಬಾಯಿ ಬಡಿದುಕೊಳ್ಳುತ್ತಿತ್ತು. ಅಂಕಿಯನ್ನು ನಂಬುವಂತಿಲ್ಲ ಎಂದಾದ ಮೇಲೆ ಒಳಗಿನ ರಕ್ತವನ್ನು ಯಾರಿಗೂ ಕೊಡುವಂತಿಲ್ಲ, ಅದು ನಿಯಮ. ಕಳೆದ ವಾರ ಹದಿನೆಂಟು ಚೀಲ ಎಸೆಯಬೇಕಾಯಿತು. ಹದಿನೆಂಟು ಜನ ತೋಳು ಚಾಚಿ ಮಲಗಿ ಕೊಟ್ಟ ರಕ್ತ ಅದು.

ಬೋರ್ಡಿನ ಜೊತೆ ಆಸ್ಪತ್ರೆಯ ಉಪಕರಣ ವಿಭಾಗದ ಮುಖ್ಯಸ್ಥರ ಕಾಗದವೂ ಬಂದಿತ್ತು. ಗುರುವಾರ ಹನ್ನೊಂದು ಗಂಟೆಗೆ ಬಂದು ಕಾರಣ ಏನೆಂದು ಸಾಕ್ಷಿ ಸಮೇತ ತೋರಿಸಬೇಕು, ತೋರಿಸದಿದ್ದರೆ ಈ ವರ್ಕ್‌ಶಾಪಿಗೆ ಕೊಟ್ಟಿರುವ ಮಾನ್ಯತೆ ರದ್ದು. ಅಂದು ಸೋಮವಾರ. ಕಾಗದವನ್ನು ಸೊಸೆ ಓದಿ ಹೇಳಿದಳು. ಅತ್ತೆ ಪೂರ್ತಿ ಕೇಳಿಸಿಕೊಂಡು, ಕನ್ನಡಕ ಮೇಲೆ ಸರಿಸಿ, ಬೋರ್ಡನ್ನು ಮತ್ತೆ ಬಿಚ್ಚಲು ಕೂತರು. ಆ ಹೆಂಗಸಿಗೆ ಗಾಬರಿ ಎನ್ನುವುದು ಕೈಯಿಂದ ಶುರುವಾಗುವುದೇ ಇಲ್ಲ.

ಅತ್ತೆಗೆ ಅರವತ್ತಾರು. ಓಣಿಯ ಜನ ಅವರನ್ನು ಬೆಸುಗೆಯಮ್ಮ ಎಂದೇ ಕರೆಯುವುದು. ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ರೇಡಿಯೊ ಕಾರ್ಖಾನೆಯೊಂದರಲ್ಲಿ ಹದಿನೇಳನೆಯ ವಯಸ್ಸಿಗೆ ಸೇರಿ, ಅದು ಮುಚ್ಚಿದ ದಿನ ತಮ್ಮ ಸಾಲ್ಡರಿಂಗ್ ಐರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಬಂದು, ಮೂವತ್ತು ವರ್ಷದ ಹಿಂದೆ ಈ ಎರಡು ಕೋಣೆಯ ವರ್ಕ್‌ಶಾಪು ತೆರೆದವರು. ರಿಪೇರಿಯಲ್ಲಿ ಎತ್ತಿದ ಕೈ. ಸುಟ್ಟ ವಾಸನೆ ನೋಡಿಯೇ ಯಾವ ಭಾಗ ಹೋಗಿದೆ ಎಂದು ಹೇಳಬಲ್ಲರು. ಅವರ ಬೆಸುಗೆ ಒಂದೊಂದೂ ಹೊಳೆಯುವ ಸಣ್ಣ ಬೊಟ್ಟು, ಭೂತಗನ್ನಡಿ ಹಿಡಿದು ಹುಡುಕಿದರೂ ತಪ್ಪು ಸಿಗದು. ಅದು ಅವರಿಗೂ ಗೊತ್ತಿತ್ತು ಎನ್ನುವುದೇ ಸ್ವಲ್ಪ ತೊಂದರೆ.

ಸೊಸೆ ಹಿಂದೆ ಪಾಲಿಟೆಕ್ನಿಕ್ಕಿನ ಪ್ರಯೋಗಾಲಯದಲ್ಲಿ ಪಾಠ ಹೇಳುತ್ತಿದ್ದವಳು. ಮದುವೆಯಾಗಿ ಬಂದ ಎರಡನೆಯ ವರ್ಷ ಅತ್ತೆಯ ಪಕ್ಕದ ಕುರ್ಚಿಯಲ್ಲಿ ಕೂತಳು, ಆಮೇಲೆ ಏಳಲಿಲ್ಲ. ಇಬ್ಬರಿಗೂ ಜಗಳವಾಡಲು ಬೇರೆ ಯಾವ ವಿಷಯವೂ ಬೇಕಿರಲಿಲ್ಲ, ವೋಲ್ಟೇಜೇ ಸಾಕಾಗುತ್ತಿತ್ತು. ಅತ್ತೆಯ ಮಗ, ಅಂದರೆ ಇವಳ ಗಂಡ, ಊರ ಬಸ್ಸು ಓಡಿಸುತ್ತಾನೆ. ಇಬ್ಬರ ನಡುವೆ ತಲೆ ಹಾಕುವುದಕ್ಕಿಂತ ಸಂಜೆಯ ಟ್ರಾಫಿಕ್ಕೇ ವಾಸಿ ಎನ್ನುವುದು ಅವನ ಅನುಭವದ ಮಾತು.

ಬೋರ್ಡನ್ನು ಪರೀಕ್ಷಿಸಲು ಅತ್ತೆಗೆ ತಮ್ಮದೇ ಒಂದು ಪದ್ಧತಿಯಿತ್ತು. ರಿಪೇರಿಯಾದ ಮೇಲೆ ಅದರ ಐದು ವೋಲ್ಟಿನ ಬಾಯಿಗೆ ಒಂದು ಟಾರ್ಚ್ ಬಲ್ಬು ಸಿಕ್ಕಿಸಿ ಇಡೀ ದಿನ ಉರಿಸುವರು. ಭಾರ ಹೊರಿಸಿ ನೋಡಬೇಕು, ಖಾಲಿ ಕೈ ಬೀಸಿಕೊಂಡು ನಡೆಯುವುದು ಯಾರಿಗೂ ಬರುತ್ತೆ ಎನ್ನುವುದು ಅವರ ವಾದ. ಬಲ್ಬು ಮಿನುಗದೆ ಒಂದೇ ಸಮ ಉರಿದರೆ ಬೋರ್ಡು ಪಾಸು. ಈ ಬೋರ್ಡೂ ಎರಡು ಸಲ ಹಾಗೆಯೇ ಪಾಸಾಗಿತ್ತು. ಸೋಮವಾರ ಸಂಜೆಯವರೆಗೆ ಬಲ್ಬು ಮತ್ತೆ ಉರಿಯಿತು, ಒಂದು ಸಲವೂ ಕಣ್ಣು ಮಿಟುಕಿಸದೆ. ಕೊನೆಗೆ ಅತ್ತೆ, ಬೋರ್ಡಿನಲ್ಲಿ ಏನೂ ಇಲ್ಲ, ಆಸ್ಪತ್ರೆಯ ಕರೆಂಟೇ ಸರಿಯಿಲ್ಲ ಎಂದು ತೀರ್ಪು ಕೊಟ್ಟರು. ಸಾಕ್ಷಿ ಕೇಳುತ್ತಾರಲ್ಲ ಎಂದು ಸೊಸೆ ಕೇಳಿದ್ದಕ್ಕೆ ತಮ್ಮ ಮೂವತ್ತು ವರ್ಷವೇ ಸಾಕ್ಷಿ ಎಂದರು.

ಗುರುವಾರ ಆ ಸಾಕ್ಷಿ ನಡೆಯುವುದಿಲ್ಲ ಎಂದು ಸೊಸೆಗೆ ಖಚಿತವಾಗಿ ಗೊತ್ತಿತ್ತು. ತನ್ನ ಕೈಯಲ್ಲಿ ಬೇರೊಂದು ದಾರಿ ಇದೆ ಎನ್ನುವುದೂ ಅಷ್ಟೇ ಖಚಿತವಾಗಿತ್ತು.

ಆ ದಾರಿ ಮೂಲೆಯ ಹಳೆಯ ಕಂಪ್ಯೂಟರಿನಲ್ಲಿತ್ತು. ಸರ್ಕ್ಯೂಟನ್ನು ಕಟ್ಟುವ ಮೊದಲೇ ಪರದೆಯ ಮೇಲೆ ಬಿಡಿಸಿ, ಅದರಲ್ಲಿ ವಿದ್ಯುತ್ತು ಹೇಗೆ ಹರಿದೀತು ಎಂದು ಲೆಕ್ಕ ಹಾಕಿ ತೋರಿಸುವ ತಂತ್ರಾಂಶ ಅದು, ಸಿಮ್ಯುಲೇಟರ್. ಪಾಲಿಟೆಕ್ನಿಕ್ಕಿನಲ್ಲಿ ಅವಳು ಬಳಸುತ್ತಿದ್ದದ್ದು ಕಂಪನಿಯೊಂದರ ಬೀಗಮುದ್ರೆಯ ಸರಕು. ಪರವಾನಗಿಯ ಅವಧಿ ಮುಗಿದ ದಿನ ಅವಳ ಮೂರು ವರ್ಷದ ಚಿತ್ರಗಳನ್ನೂ ಒಳಗಿಟ್ಟುಕೊಂಡು ಬಾಗಿಲು ಹಾಕಿಕೊಂಡಿತ್ತು. ಆ ಸಿಟ್ಟಿನಲ್ಲಿ ಹುಡುಕಿದಾಗ ಸಿಕ್ಕಿದ್ದು ಈ ಮುಕ್ತ ತಂತ್ರಾಂಶ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಹಂಚಬಹುದು, ಒಳಗಿನ ಹೂರಣ ಬಿಚ್ಚಿ ನೋಡಬಹುದು, ತಪ್ಪಿದ್ದರೆ ತಿದ್ದಿ ಕಳಿಸಬಹುದು. ಒಬ್ಬರ ಮುಖ ಒಬ್ಬರು ನೋಡದ ನೂರಾರು ಜನ ವರ್ಷಾನುಗಟ್ಟಲೆ ಕೂತು ಕಟ್ಟಿದ್ದು. ಸೊಸೆ ಅದನ್ನು ಒಲಿಸಿಕೊಳ್ಳಲು ಎರಡು ವರ್ಷ ಹಿಡಿಯಿತು, ಈಗ ಅದು ಅವಳ ಬಲಗೈ.

ಅತ್ತೆ ಅದರ ಹತ್ತಿರ ಸುಳಿದವರಲ್ಲ. ಪರದೆಯ ಮೇಲೆ ಬಿಡಿಸಿದ ಒಲೆಯಲ್ಲಿ ನೀರು ಕಾಯುವುದಾದರೆ ಹೇಳು, ಸ್ನಾನಕ್ಕೆ ಬರುತ್ತೇನೆ ಎಂದು ಒಮ್ಮೆ ಹೇಳಿದ್ದರು. ಸೊಸೆಯೂ ಕಡಿಮೆಯಿಲ್ಲ, ಸೋಪು ತನ್ನಿ ಎಂದಿದ್ದಳು.

ಮಂಗಳವಾರ ಬೆಳಿಗ್ಗೆ ಅವಳು ಬೋರ್ಡಿನ ಐದು ವೋಲ್ಟಿನ ಭಾಗವನ್ನಷ್ಟೇ ತೆಗೆದುಕೊಂಡು ಪರದೆಯ ಮೇಲೆ ಬಿಡಿಸಿದಳು. ಅದೇನೂ ದೊಡ್ಡದಲ್ಲ. ಹೆಚ್ಚು ವೋಲ್ಟೇಜು ಒಳಗೆ ಬಂದರೆ ಸರಿಯಾಗಿ ಐದನ್ನು ಹೊರಗೆ ಬಿಡುವ ರೆಗ್ಯುಲೇಟರ್ ಒಂದು. ಅದರ ಬಾಯಲ್ಲಿ, ಏರಿಳಿತವಾದರೆ ತುಂಬಿಕೊಡಲು ಒಂದಿಷ್ಟು ವಿದ್ಯುತ್ತು ಹಿಡಿದಿಟ್ಟುಕೊಳ್ಳುವ ಕೆಪಾಸಿಟರ್ ಒಂದು. ಆಚೆಗೆ ತಾಪ ಅಳೆಯುವ ಚಿಪ್. ಅದು ಕುಡಿಯುವ ಕರೆಂಟು ತೀರ ಕಡಿಮೆ, ಗುಟುಕಿನಷ್ಟು. ಎಲ್ಲವನ್ನೂ ಜೋಡಿಸಿ, ಓಡು ಎಂದಳು.

ಐದು ವೋಲ್ಟಿನ ಗೆರೆ ನೆಟ್ಟಗೆ ಮಲಗಬೇಕಿತ್ತು. ಅದರ ಬದಲು ಜ್ವರ ಬಂದವರ ಹಾಗೆ ಗಡಗಡ ನಡುಗತೊಡಗಿತು.

ಸೊಸೆ ಹುಬ್ಬು ಗಂಟಿಕ್ಕಿ ಮತ್ತೆ ಓಡಿಸಿದಳು. ಮತ್ತೆ ನಡುಕ. ಅವಳಿಗೆ ಖುಷಿಯಾಗಲಿಲ್ಲ, ಕಿರಿಕಿರಿಯಾಯಿತು. ಫ್ರಿಜ್ಜು ತಯಾರಿಸಿದ ಕಾರ್ಖಾನೆಯಿಂದ ಇದೇ ನಕ್ಷೆಯಲ್ಲಿ ಬಂದ ಬೋರ್ಡು ಹನ್ನೊಂದು ವರ್ಷ ಕೆಮ್ಮದೆ ದುಡಿದಿತ್ತು. ನಕ್ಷೆಯೇ ನಡುಗುವಂಥದ್ದಾಗಿದ್ದರೆ ಮೊದಲ ದಿನವೇ ಗೊತ್ತಾಗಬೇಕಿತ್ತು. ಅಂದರೆ ತಪ್ಪು ತನ್ನ ಚಿತ್ರದಲ್ಲಿದೆ. ಅತ್ತೆ ಬೆನ್ನ ಹಿಂದೆ ಬಂದು ನಿಂತು, ಎರಡು ನಿಮಿಷ ನೋಡಿ, ನಿನ್ನ ಯಂತ್ರಕ್ಕೇ ಮೊದಲು ಔಷಧಿ ಕೊಡಿಸು ಎಂದು ಹೇಳಿ ಹೋದರು.

ಆ ತಂತ್ರಾಂಶ ಬಳಸುವವರೆಲ್ಲ ಸೇರುವ ಚರ್ಚಾಪುಟವೊಂದಿದೆ. ಸೊಸೆ ತನ್ನ ಚಿತ್ರವನ್ನು ಅಲ್ಲಿ ಹಾಕಿ, ಎಲ್ಲಿ ಎಡವಿದ್ದೇನೆ ಹೇಳಿ ಎಂದು ಕೇಳಿದಳು. ಒಂದು ಗಂಟೆಯೊಳಗೆ ಉತ್ತರ ಬಂತು. ತಮ್ಮನ್ನು ಮುದಿಬೆಕ್ಕು ಎಂದು ಕರೆದುಕೊಳ್ಳುವ ಒಬ್ಬರದು. ಯಾವ ದೇಶದವರೋ, ಮುದುಕನೋ ಮುದುಕಿಯೋ, ಅವಳಿಗೆ ಗೊತ್ತಿಲ್ಲ. ಹಿಂದೆಯೂ ಎರಡು ಸಲ ಅವಳ ಕೈಹಿಡಿದಿದ್ದ ಪುಣ್ಯಾತ್ಮ. ನಿಮ್ಮ ಚಿತ್ರ ಸರಿಯಾಗಿಯೇ ಇದೆ, ಆದರೆ ಕೆಪಾಸಿಟರಿಗೆ ಒಂದೂ ಕುಂದು ಇಟ್ಟಿಲ್ಲ ಎಂದು ಮುದಿಬೆಕ್ಕು ಬರೆದಿತ್ತು. ಅಂಗಡಿಯಲ್ಲಿ ಸಿಗುವ ಕೆಪಾಸಿಟರಿನ ಹೊಟ್ಟೆಯೊಳಗೆ ಒಂದಿಷ್ಟು ತಡೆ ಇದ್ದೇ ಇರುತ್ತದೆ. ಈ ಜಾತಿಯ ರೆಗ್ಯುಲೇಟರ್ ಆ ತಡೆಯನ್ನು ನಂಬಿಕೊಂಡೇ ಸ್ಥಿರವಾಗಿ ನಿಲ್ಲುವುದು. ಅರ್ಧ ಓಮ್ ಸೇರಿಸಿ ನೋಡಿ.

ಓಮ್ ಎನ್ನುವುದು ತಡೆಯ ಅಳತೆ. ಅವಳು ಅರ್ಧ ಓಮ್ ಸೇರಿಸಿದಳು. ಗೆರೆ ನೆಟ್ಟಗೆ ಮಲಗಿತು.

ವಿಷಯ ತಿಳಿದು ಅತ್ತೆ ಗೆದ್ದವರ ಹಾಗೆ ತಲೆಯಾಡಿಸಿದರು. ಕೊನೆಗೂ ನಿನ್ನ ಯಂತ್ರ ನಾನು ಹೇಳಿದ್ದನ್ನೇ ಹೇಳಿತು, ನಮ್ಮ ಬೋರ್ಡು ಸರಿಯಿದೆ, ಅದನ್ನೇ ಅಚ್ಚು ಹಾಕಿಸಿ ಗುರುವಾರ ಕೊಡು ಎಂದರು. ಸೊಸೆ ಹೂಂ ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಒಂದು ವಿಷಯ ಹೊಳೆಯಿತು. ಹನ್ನೊಂದು ವರ್ಷ ದುಡಿದದ್ದು ಕಾರ್ಖಾನೆಯವರು ಹಾಕಿದ ಕೆಪಾಸಿಟರ್. ಈಗ ಬೋರ್ಡಿನ ಮೇಲೆ ಕೂತಿರುವುದು ಅದಲ್ಲ.

ಹಳೆಯ ಕೆಪಾಸಿಟರ್ ಒಣಗಿಹೋಗಿದ್ದರಿಂದ ಅತ್ತೆ ಅದನ್ನು ಕಿತ್ತು ಹೊಸದು ಹಾಕಿದ್ದರು. ಅದೂ ಅದೇ ಜಾತಿಯದಲ್ಲ. ಹಳೆಯ ಜಾತಿ ಎಷ್ಟೇ ಒಳ್ಳೆಯದಾದರೂ ಹತ್ತು ವರ್ಷಕ್ಕೆ ಒಣಗುತ್ತದೆ, ರಕ್ತದ ವಿಷಯದಲ್ಲಿ ಹಾಗೆಲ್ಲ ಆಗಬಾರದು ಎಂದು, ಎಂದೂ ಒಣಗದ, ಉಬ್ಬದ, ಅಕ್ಕಿಕಾಳಿನಷ್ಟು ಸಣ್ಣ ಹೊಸ ಜಾತಿಯದನ್ನು ತರಿಸಿ ಹಾಕಿದ್ದರು. ಮೂಲಕ್ಕಿಂತ ಒಂದು ಕೈ ಮೇಲಿನದನ್ನೇ ಹಾಕುವುದು ಅವರ ಅಭ್ಯಾಸ, ಅವರ ಹೆಮ್ಮೆ.

ಸೊಸೆ ಆ ಜಾತಿಯ ಇನ್ನೊಂದು ಕೆಪಾಸಿಟರನ್ನು ಡಬ್ಬಿಯಿಂದ ತೆಗೆದು, ಒಳಗಿನ ತಡೆ ಅಳೆಯುವ ಮೀಟರಿನ ಚಿಮುಟಕ್ಕೆ ಸಿಕ್ಕಿಸಿದಳು. ಮೀಟರು ಸೊನ್ನೆ ತೋರಿಸಿತು. ತಿರುಗಿಸಿ ಹಿಡಿದಳು, ಸೊನ್ನೆ. ಇನ್ನೊಂದನ್ನು ತೆಗೆದಳು, ಅದೂ ಸೊನ್ನೆ. ಮುದಿಬೆಕ್ಕು ಅಂಗಡಿಯಲ್ಲಿ ಸಿಗುವುದಿಲ್ಲ ಎಂದಿದ್ದ ಕುಂದಿಲ್ಲದ ಕೆಪಾಸಿಟರನ್ನು, ಹೆಚ್ಚು ಕಡಿಮೆ, ಅತ್ತೆ ಹುಡುಕಿ ತಂದಿದ್ದರು. ತಾನು ಗೊತ್ತಿಲ್ಲದೆ ಬಿಡಿಸಿದ ತಪ್ಪು ಚಿತ್ರವೇ ಅತ್ತೆ ಕೈಯಾರೆ ಮಾಡಿದ ರಿಪೇರಿಯ ಸರಿಯಾದ ಚಿತ್ರವಾಗಿತ್ತು.

ಅವಳು ಅಲ್ಲಿಗೆ ನಿಲ್ಲಿಸಲಿಲ್ಲ. ಹಾಗಾದರೆ ಇಲ್ಲಿ ಬಲ್ಬು ಯಾಕೆ ಮಿನುಗಲಿಲ್ಲ? ಪರದೆಯ ಚಿತ್ರದಲ್ಲಿ ಅರ್ಧ ಓಮನ್ನು ತೆಗೆದುಹಾಕಿ, ಟಾರ್ಚ್ ಬಲ್ಬೊಂದನ್ನು ಸೇರಿಸಿ ಓಡಿಸಿದಳು. ನೆಟ್ಟಗಿನ ಗೆರೆ. ಬಲ್ಬು ತೆಗೆದಳು. ನಡುಕ. ಭಾರ ಹೊತ್ತಾಗ ನೇರ ನಡೆಯುತ್ತಿದ್ದ ಬೋರ್ಡು ಕೈ ಖಾಲಿಯಾದಾಗ ತೂರಾಡುತ್ತಿತ್ತು. ಅತ್ತೆಯ ಪರೀಕ್ಷೆ ರೋಗವನ್ನು ಹಿಡಿಯುವುದಿರಲಿ, ಇಡೀ ದಿನ ಅದರ ಮೇಲೆ ಹೊದಿಕೆ ಹೊದಿಸಿ ಕೂರುತ್ತಿತ್ತು.

ಇದನ್ನು ಬಾಯಲ್ಲಿ ಹೇಳಿದರೆ ಕೆಲಸ ಕೆಡುತ್ತದೆ ಎಂದು ಸೊಸೆಗೆ ಗೊತ್ತಿತ್ತು. ಬುಧವಾರ ಬೆಳಿಗ್ಗೆ ಅವಳು ನಿಜವಾದ ಬೋರ್ಡನ್ನೇ ಮೇಜಿನ ಮೇಲಿಟ್ಟು, ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಹಳೆಯ ಆಸಿಲೊಸ್ಕೋಪನ್ನು ಜೋಡಿಸಿ, ಬಲ್ಬು ತೆಗೆಯಿರಿ ಎಂದು ಅತ್ತೆಗೆ ಹೇಳಿದಳು. ಅತ್ತೆ ತೆಗೆದರು. ಗೆರೆ ನಡುಗಿತು. ಸಿಕ್ಕಿಸಿದರು, ನಿಂತಿತು. ಐದಾರು ಸಲ ಹಾಗೆ ಮಾಡಿದರು. ಪಕ್ಕದ ಕಂಪ್ಯೂಟರಿನಲ್ಲಿ ನಿನ್ನೆಯ ಚಿತ್ರವೂ ಇತ್ತು. ಎರಡು ನಡುಕಗಳೂ ಅವಳಿಮಕ್ಕಳ ಹಾಗಿದ್ದವು.

ಅತ್ತೆಯ ಮುಖ ಸಣ್ಣದಾಗಿತ್ತು. ಸೊಸೆಗೆ ಸಂಕಟವಾಯಿತು; ಹನ್ನೆರಡು ವರ್ಷದಲ್ಲಿ ಈ ಹೆಂಗಸಿನೊಡನೆ ಗೆಲ್ಲಬೇಕೆಂದು ನೂರು ಸಲ ಅಂದುಕೊಂಡಿದ್ದಳು, ಗೆದ್ದಾಗ ಅದು ಬೇಡವಾಗಿತ್ತು.

ಕೊನೆಗೆ ಅತ್ತೆ ಕೇಳಿದ್ದು ಒಂದೇ ಮಾತು. "ಎಷ್ಟು ಅಂದೆ? ಅರ್ಧ ಓಮಾ?"

ಅರ್ಧ ಓಮಿನ ಒಂದು ರೆಸಿಸ್ಟರನ್ನು ಹುಡುಕಿ, ಕೆಪಾಸಿಟರಿನ ಒಂದು ಕಾಲನ್ನು ಬಿಡಿಸಿ, ನಡುವೆ ಅದನ್ನು ಕೂರಿಸಿ ಬೆಸೆದರು. ಹತ್ತು ನಿಮಿಷದ ಕೆಲಸ. ಕೈ ಎಂದಿನಷ್ಟೇ ಸ್ಥಿರವಾಗಿತ್ತು. ಬಲ್ಬಿಲ್ಲದೆ, ಬಲ್ಬಿಟ್ಟು, ಬಿಸಿ ಮಾಡಿ, ಐಸಿನ ಮೇಲಿಟ್ಟು, ಎಲ್ಲ ರೀತಿಯಲ್ಲೂ ನೋಡಿದರು. ಗೆರೆ ಅಲುಗಲಿಲ್ಲ. ಆಮೇಲೆ ಕುರ್ಚಿಗೆ ಒರಗಿ ಬೆರಳು ಮಡಿಸಿ ಎಣಿಸತೊಡಗಿದರು. ಲಸಿಕೆಯ ಕೋಣೆಯಲ್ಲಿ ಮೂರು, ಹೆರಿಗೆ ವಾರ್ಡಿನಲ್ಲಿ ಎರಡು, ಪ್ರಯೋಗಾಲಯದಲ್ಲಿ ಎರಡು. ಅದೇ ಆಸ್ಪತ್ರೆಯ ಇನ್ನೂ ಏಳು ಫ್ರಿಜ್ಜಿನ ಬೋರ್ಡುಗಳಿಗೆ ಅವರು ಇದೇ ಒಳ್ಳೆಯ ಕೆಪಾಸಿಟರ್ ಹಾಕಿದ್ದರು.

ಅವುಗಳಿಂದ ಈವರೆಗೆ ಒಂದು ದೂರೂ ಬಂದಿರಲಿಲ್ಲ. ಯಾಕೆಂದು ಸೊಸೆ ಚಿತ್ರ ನೋಡಿ ಕಂಡುಹಿಡಿದಳು. ಆ ಏಳರ ಬಾಗಿಲಲ್ಲಿ ಸದಾ ಉರಿಯುವ ಒಂದು ಸಣ್ಣ ದೀಪವಿದೆ, ಅದೂ ಇದೇ ಐದು ವೋಲ್ಟಿನಿಂದಲೇ ಉರಿಯುವುದು. ರಕ್ತನಿಧಿಯದಕ್ಕೆ ಅಂಥ ದೀಪವಿಲ್ಲ; ರಿಪೇರಿಯಾದ ಮೇಲೆ ನಾಲ್ಕು ದಿನ ಅದೇ ಐದು ವೋಲ್ಟಿಗೆ ಸಿಕ್ಕಿಸಿಡುವ, ತಾಪ ದಾಖಲಿಸುವ ಪೆಟ್ಟಿಗೆಯನ್ನು ತೆಗೆದೊಡನೆ ಅದರ ಕೈ ಖಾಲಿ. ಬಾಗಿಲ ದೀಪ ಕೆಟ್ಟ ದಿನ ಈ ಏಳರಲ್ಲೂ ಅಂಕಿಗಳು ಕುಣಿಯುತ್ತವೆ. ಅಷ್ಟೂ ಲಸಿಕೆ, ಅಷ್ಟೂ ಔಷಧಿ ಕಸದ ಬುಟ್ಟಿಗೆ.

ಅಂದು ಮಧ್ಯಾಹ್ನ ವರದಿ ಬರೆಯಲು ಕೂತ ಸೊಸೆ ಒಂದು ಕೆಲಸ ಮಾಡಿದಳು. ಚಿತ್ರ, ಲೆಕ್ಕ, ಅಳತೆ ಎಲ್ಲವನ್ನೂ ಚಾಚೂ ತಪ್ಪದೆ ಬರೆದಳು. ಕಾರಣ ಎಂಬ ಜಾಗದಲ್ಲಿ ಮಾತ್ರ "ಬಿಡಿಭಾಗದ ಹೊಂದಾಣಿಕೆಯ ದೋಷ" ಎಂದು ಬರೆದಳು. ಆ ಏಳರ ಬಗ್ಗೆ, ಇತರ ಉಪಕರಣಗಳನ್ನು ಮುಂದಿನ ಸರ್ವೀಸಿನ ವೇಳೆ ಪರಿಶೀಲಿಸಲಾಗುವುದು ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಒಂದು ಸಾಲು. ಸುಳ್ಳಲ್ಲ, ನಿಜವೂ ಅಲ್ಲ. ಮಾನ್ಯತೆ ಹೋದರೆ ಬಾಗಿಲು ಮುಚ್ಚಬೇಕು, ಅದಕ್ಕಿಂತ ಹೆಚ್ಚಾಗಿ ಅತ್ತೆಯ ಹೆಸರು ಹೋಗುತ್ತದೆ. ಏಳನ್ನೂ ತಾನೇ ಹೋಗಿ ಸದ್ದಿಲ್ಲದೆ ಸರಿಮಾಡಿ ಬಂದರಾಯಿತು ಎಂದು ಮನಸ್ಸಿನಲ್ಲೇ ಗಂಟು ಹಾಕಿಕೊಂಡಳು. ಏಳರ ವಿಷಯ ಬರೆದೆಯಾ ಎಂದು ಅತ್ತೆ ಕೇಳಿದಾಗ ಬರೆದಿದ್ದೇನೆ ಎಂದಳು.

ಗುರುವಾರ ಹನ್ನೊಂದಕ್ಕೆ ಇಬ್ಬರೂ ಉಪಕರಣ ವಿಭಾಗದಲ್ಲಿದ್ದರು. ನೆಲಮಾಳಿಗೆಯ ಉದ್ದನೆಯ ಕೋಣೆ. ಗೋಡೆಗೆ ಒರಗಿಸಿದ ಗಾಲಿಮಂಚಗಳು, ಚಕ್ರ ಕಳಚಿದ ಕುರ್ಚಿಗಳು, ಮೂಲೆಯಲ್ಲಿ ಕಾಯಿಲೆ ಬಿದ್ದ ಯಂತ್ರಗಳ ಸಾಲು. ಮುಖ್ಯಸ್ಥರು ಬಿಗಿ ಮನುಷ್ಯ, ಕೆಟ್ಟವರಲ್ಲ. ಹದಿನೆಂಟು ಚೀಲಕ್ಕೆ ಮೇಲಿನವರಿಗೆ ಜವಾಬು ಕೊಟ್ಟು ಬೇಸತ್ತಿದ್ದರು. ಏನೇ ಕೊಟ್ಟರೂ ಗಟ್ಟಿಯಾಗಿ ಓದುವುದು ಅವರ ರೂಢಿ. ವರದಿಯನ್ನು ಮೊದಲಿಂದ ಓದುತ್ತ ಬಂದರು. ಚಿತ್ರಗಳ ಹತ್ತಿರ ನಿಂತು ಎರಡು ಪ್ರಶ್ನೆ ಕೇಳಿದರು, ಸೊಸೆ ಪಟಪಟನೆ ಉತ್ತರ ಕೊಟ್ಟಳು. ಅವರ ಮುಖ ಸಡಿಲವಾಯಿತು. ಹಾಗೇ ಮುಂದುವರಿದು ಕಾರಣದ ಸಾಲನ್ನು ಓದಿದರು, ಸರ್ವೀಸಿನ ಸಾಲನ್ನೂ ಓದಿದರು, ಸಹಿ ಹಾಕಲು ಪೆನ್ನು ತೆಗೆದರು.

ಆಗ ಅತ್ತೆ, ಸ್ವಲ್ಪ ತಡೆಯಿರಿ ಎಂದರು.

"ಆ ಸಾಲು ಸರಿಯಿಲ್ಲ ಸರ್. ಬಿಡಿಭಾಗಕ್ಕೆ ಏನೂ ದೋಷ ಇಲ್ಲ, ಅದು ಚಿನ್ನದಂಥ ಮಾಲು. ಅದನ್ನ ಅಲ್ಲಿ ಹಾಕಬಾರದಿತ್ತು, ಹಾಕಿದವಳು ನಾನು. ಗೊತ್ತಿಲ್ಲದೆ ಹಾಕಿದೆ. ನಿಮ್ಮಲ್ಲಿ ಇನ್ನೂ ಏಳು ಕಡೆ ಹಾಕಿದ್ದೀನಿ. ಅವು ಇವತ್ತು ಸುಮ್ಮನಿವೆ, ಬಾಗಿಲ ದೀಪ ಹೋದ್ರೆ ಸುಮ್ಮನಿರಲ್ಲ."

ಸೊಸೆಗೆ ತಾನು ಬರೆದ ಕಾಗದದ ಕಡೆ ನೋಡಲಾಗಲಿಲ್ಲ. ಮುಖ್ಯಸ್ಥರು ಪೆನ್ನಿನ ಮುಚ್ಚಳ ಹಾಕಿದರು. ಹೀಗೆ ಹೇಳಿದ ಮೇಲೆ ಮಾನ್ಯತೆಯನ್ನು ಇವತ್ತಿನಿಂದಲೇ ತಡೆಹಿಡಿಯದೆ ತಮಗೆ ಬೇರೆ ದಾರಿಯಿಲ್ಲ ಎಂದರು. ಏಳೂ ಸರಿಯಾಗಬೇಕು, ಸರಿಯಾಗಿವೆ ಎಂದು ರಿಪೇರಿ ಮಾಡಿದವರಲ್ಲದೆ ಬೇರೆಯವರು ಹೇಳಬೇಕು. ಅಲ್ಲಿಯವರೆಗೆ ಹೊಸ ಕೆಲಸವಿಲ್ಲ. ಈ ಊರಿನಲ್ಲಿ ಇದನ್ನು ಬಲ್ಲ ಬೇರೆಯವರು ಯಾರಿದ್ದಾರೆ ಎಂದು ಕೇಳುವಾಗ ಅವರ ದನಿಯಲ್ಲೂ ಬೇಸರವಿತ್ತು.

ಅಲ್ಲಿ ಸೊಸೆ ಮುಂದೆ ಬಂದಳು. ತಪ್ಪು ಬರೆದ ಕೈಯೇ ಇದನ್ನೂ ಮಾಡಬೇಕಿತ್ತು.

"ಬೇರೆಯವರು ಯಾಕೆ ಸರ್, ನೀವೇ ನೋಡಿ. ನಮ್ಮನ್ನ ನಂಬಲೇಬೇಡಿ. ಈ ತಂತ್ರಾಂಶ ಎಲ್ಲರದ್ದು, ಈಗ್ಲೇ ನಿಮ್ಮ ಕಂಪ್ಯೂಟರಿಗೆ ಹಾಕ್ಕೊಳ್ಳಿ. ನನ್ನ ಚಿತ್ರ ಕೊಡ್ತೀನಿ, ನೀವೇ ಓಡಿಸಿ, ನೀವೇ ಕೆಡಿಸಿ, ನೀವೇ ಸರಿ ಮಾಡಿ."

ವಿಭಾಗದ ತಂತ್ರಜ್ಞೆ ಹತ್ತು ನಿಮಿಷದಲ್ಲಿ ಅದನ್ನು ಇಳಿಸಿಕೊಂಡಳು. ಯಾರ ಅನುಮತಿಯನ್ನೂ ಕೇಳಬೇಕಾಗಲಿಲ್ಲ, ಯಾವ ಬೀಗದ ಸಂಖ್ಯೆಯೂ ಬೇಕಾಗಲಿಲ್ಲ. ಮುಖ್ಯಸ್ಥರೇ ಕುರ್ಚಿ ಎಳೆದುಕೊಂಡು ಕೂತು ಅರ್ಧ ಓಮನ್ನು ಸೊನ್ನೆ ಮಾಡಿದರು, ಗೆರೆ ನಡುಗಿತು. ಮತ್ತೆ ಅರ್ಧ ಮಾಡಿದರು, ಮಲಗಿತು. ಸ್ವಿಚ್ಚು ಸಿಕ್ಕ ಮಗುವಿನ ಹಾಗೆ ಏಳೆಂಟು ಸಲ ಮಾಡಿದರು. ದೀಪ ತೆಗೆದು ನೋಡಿದರು, ಕಾಲು ಓಮ್ ಹಾಕಿ ನೋಡಿದರು, ಒಂದು ಓಮ್ ಹಾಕಿ ನೋಡಿದರು. ಕೊನೆಗೆ, ಪರೀಕ್ಷೆ ನಮ್ಮ ವಿಭಾಗವೇ ಮಾಡುತ್ತದೆ, ರಿಪೇರಿಗೆ ಸೋಮವಾರವೇ ಬನ್ನಿ ಎಂದರು. ವರದಿಯನ್ನು ಸೊಸೆಯ ಕಡೆ ತಳ್ಳಿ, ಆ ಎರಡು ಸಾಲು ಮಾತ್ರ ತಿದ್ದಿ ಕೊಡಿ ಎಂದರು. ಅವಳು ತಿದ್ದಿದಳು. ಅತ್ತೆ ಕೆಳಗೆ ಸಹಿ ಹಾಕಿದರು, ದೊಡ್ಡ ದೊಡ್ಡ ಅಕ್ಷರದಲ್ಲಿ.

ಮನೆಗೆ ನಡೆದುಕೊಂಡೇ ಬಂದರು. ಔಷಧಿ ಅಂಗಡಿ ದಾಟಿದ ಮೇಲೆ ಅತ್ತೆ ನಿಂತು, ತಿರುಗಿ, ನಿನಗೆ ತಿಪ್ಪೆ ಸಾರಿಸು ಅಂತ ಹೇಳಿದವರು ಯಾರು ಎಂದು ಕೇಳಿದರು. ನಿಮ್ಮ ಹೆಸರು ಉಳಿಯಲಿ ಅಂತ ಎಂದು ಸೊಸೆ ತೊದಲಿದಳು.

"ಹೆಸರು ನನ್ನದು. ಉಳಿಸೋದೂ ನಾನೇ, ಕಳೆಯೋದೂ ನಾನೇ. ನೀನು ತಪ್ಪು ಹಿಡಿದೆ, ಅದು ನಿನ್ನ ಕೆಲಸ, ಚೆನ್ನಾಗಿ ಮಾಡಿದೆ. ಒಪ್ಪಿಕೊಳ್ಳೋದು ನನ್ನ ಕೆಲಸ. ಅದನ್ನ ನನ್ನ ಕೈಯಿಂದ ಕಿತ್ಕೋಬೇಡ."

ಹನ್ನೆರಡು ವರ್ಷದಲ್ಲಿ "ಚೆನ್ನಾಗಿ ಮಾಡಿದೆ" ಎನ್ನುವ ಮಾತು ಸೊಸೆಯ ಕಿವಿಗೆ ಬಿದ್ದದ್ದು ಅದೇ ಮೊದಲು. ಅದೂ ನಡುರಸ್ತೆಯಲ್ಲಿ, ಬೈಗುಳದ ನಡುವೆ ಸಿಕ್ಕಿಸಿ. ಅವಳಿಗೆ ನಾಚಿಕೆಯೂ ಆಯಿತು, ಹೊಟ್ಟೆ ತುಂಬಿದ ಹಾಗೂ ಆಯಿತು. ತಪ್ಪಾಯಿತು ಎಂದಳು. ಸರಿ, ಬೇಗ ಕಾಲು ಹಾಕು ಎಂದರು ಅತ್ತೆ.

ಏಳು ಬೋರ್ಡುಗಳಿಗೆ ಎಂಟು ದಿನ ಹಿಡಿಯಿತು. ಅತ್ತೆ ಬೆಸೆದರು, ಸೊಸೆ ಅಳೆದಳು, ಆಸ್ಪತ್ರೆಯ ತಂತ್ರಜ್ಞೆ ಬಾಗಿಲ ದೀಪ ಕಿತ್ತು ಒಂದೊಂದನ್ನೂ ಇಡೀ ದಿನ ಕಾದು ನೋಡಿದಳು. ಒಂದರಲ್ಲೂ ಅಂಕಿ ನಾಲ್ಕು ಬಿಟ್ಟು ಕದಲಲಿಲ್ಲ. ಒಂಬತ್ತನೆಯ ದಿನ ಮಾನ್ಯತೆಯ ಕಾಗದ ಮರಳಿ ಬಂತು. ಅತ್ತೆ ಅದನ್ನು ಗೋಡೆಯ ಮೊಳೆಗೆ ಸಿಕ್ಕಿಸಿ, ಒಂದು ನಿಮಿಷವೂ ನೋಡದೆ, ಕಂಪ್ಯೂಟರಿನ ಕಡೆ ಬಂದರು. ಈ ಚಿತ್ರವನ್ನು ಎಲ್ಲರಿಗೂ ಕಾಣುವ ಹಾಗೆ ಹಾಕಲು ಜಾಗ ಇದೆಯಾ ಎಂದು ವಿಚಾರಿಸಿದರು. ಇದೆ ಎಂದು ಸೊಸೆ ಹೇಳಿದಳು; ತಂತ್ರಾಂಶದ ಜೊತೆಗೆ ಉದಾಹರಣೆಗಳ ಒಂದು ಸಂಗ್ರಹವಿದೆ, ಕಲಿಯುವವರು ಮೊದಲು ತೆರೆಯುವುದೇ ಅದನ್ನು. ಹಾಗಾದರೆ ಹಾಕು, ಕೆಟ್ಟದ್ದನ್ನೂ ಹಾಕು, ಸರಿಯಾದದ್ದನ್ನೂ ಹಾಕು, ಯಾರು ಕೆಡಿಸಿದ್ದು ಯಾರು ಹಿಡಿದದ್ದು ಎಂದೂ ಬರಿ ಎಂದರು. ಸೊಸೆ ಬರೆದಳು: ಮೂವತ್ತು ವರ್ಷದಿಂದ ವರ್ಕ್‌ಶಾಪು ನಡೆಸುವ ನನ್ನ ಅತ್ತೆ ಒಳ್ಳೆಯದೆಂದು ಹಾಕಿದ ಕೆಪಾಸಿಟರ್ ಇದು, ಅದು ಹೀಗೆ ಕೆಡಿಸಿತು, ಅವರೇ ಹೀಗೆ ಸರಿಮಾಡಿದರು, ಅವರೇ ಆಸ್ಪತ್ರೆಗೆ ಹೋಗಿ ಹೇಳಿದರು. ಮುದಿಬೆಕ್ಕು ಅದನ್ನು ಸಂಗ್ರಹಕ್ಕೆ ಸೇರಿಸಿಕೊಂಡು, ನಿಮ್ಮ ಅತ್ತೆಗೆ ನನ್ನ ವಂದನೆ ಎಂದು ಉತ್ತರಿಸಿತು.

ಎರಡು ವಾರ ಕಳೆದ ಮೇಲೆ ಒಂದು ಸಂದೇಶ ಬಂತು. ಎಲ್ಲಿಯದೋ ಊರಿನ ಸಣ್ಣ ಆಸ್ಪತ್ರೆಯೊಂದರ ತಂತ್ರಜ್ಞೆ ಬರೆದಿದ್ದಳು. ಸೊಸೆ ಅದನ್ನು ಅತ್ತೆಗೆ ಓದಿ ಹೇಳಿದಳು. ನಾನೂ ಇದನ್ನೇ ಮಾಡಿದ್ದೇನೆ, ಇಪ್ಪತ್ತೆರಡು ಯಂತ್ರಗಳಲ್ಲಿ. ಒಳ್ಳೆಯದನ್ನೇ ಹಾಕಿದ್ದೇನೆ ಅಂದುಕೊಂಡಿದ್ದೆ. ನಿಮ್ಮ ಚಿತ್ರವನ್ನು ಓಡಿಸಿ ನೋಡಿದ ಮೇಲೆ ಊಟ ಸೇರುತ್ತಿಲ್ಲ. ಇವತ್ತು ಬೆಳಿಗ್ಗೆಯಿಂದ ಒಂದೊಂದಾಗಿ ಬಿಚ್ಚುತ್ತಿದ್ದೇನೆ. ಮೇಲಿನವರಿಗೆ ಇನ್ನೂ ಹೇಳಿಲ್ಲ, ಧೈರ್ಯ ಸಾಲುತ್ತಿಲ್ಲ. ನಿಮ್ಮ ಅತ್ತೆ ಹೇಗೆ ಹೇಳಿದರು?

ಅತ್ತೆ ಇನ್ನೊಂದು ಸಲ ಓದಿಸಿದರು. ಕೈಯಲ್ಲಿದ್ದ ಸಾಲ್ಡರಿಂಗ್ ಐರನ್ನನ್ನು ಸ್ಟ್ಯಾಂಡಿನಲ್ಲಿಟ್ಟು, ಕನ್ನಡಕ ತೆಗೆದು ಒರೆಸಿಕೊಂಡರು. ಒರೆಸುವುದು ಸ್ವಲ್ಪ ಹೊತ್ತೇ ಹಿಡಿಯಿತು. ಆಮೇಲೆ ಕುರ್ಚಿಯನ್ನು ಕಂಪ್ಯೂಟರಿನ ಪಕ್ಕಕ್ಕೆ ಎಳೆದುಕೊಂಡರು.

"ಬರಿ," ಎಂದರು. "ಇವತ್ತೇ ಹೋಗಿ ಹೇಳಿಬಿಡು ತಾಯಿ. ಬಾಯಿ ತೆಗೆಯೋವರೆಗೆ ಮಾತ್ರ ಕಷ್ಟ. ಆಮೇಲೆ ಎಲ್ಲಾ ಬರೀ ಕೆಲಸ, ಕೆಲಸ ನಿನಗೆ ಬರುತ್ತೆ."

ಸೊಸೆ ಒಂದಕ್ಷರವನ್ನೂ ತಿದ್ದದೆ ಹಾಗೆಯೇ ಬರೆದು ಕಳಿಸಿದಳು.